ಉರಿಮೂತ್ರ ಮತ್ತು ಮೂತ್ರದ ಸೋಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮೂತ್ರಕ್ಕೆ ಹೋದರೆ ಉರಿ. ಹೋಗಿ ಬಂದು ಐದು ನಿಮಿಷ ಆಗಿರುವುದಿಲ್ಲ, ಮತ್ತೆ ಅವಸರ. ಹೋದರೆ ನಾಲ್ಕು ಹನಿ. ಜ್ವರ, ಕೆಮ್ಮು ಬಂದರೆ ಮನೆಮಂದಿಗೆಲ್ಲ ಹೇಳುವವರು ಇದನ್ನು ಮಾತ್ರ ದಿನಗಟ್ಟಲೆ ಯಾರಿಗೂ ಹೇಳದೆ ನುಂಗಿಕೊಂಡಿರುತ್ತಾರೆ. ಮೂತ್ರಚೀಲದಲ್ಲೇ ಮುಗಿಯಬಹುದಾಗಿದ್ದ ಸೋಂಕು ಎಷ್ಟೋ ಸಲ ಕಿಡ್ನಿಗೆ ಏರುವುದು ಈ ಸಂಕೋಚದಿಂದ. ನಾಚಿಕೆಯಿಂದ ಕೇಳದೆ ಉಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ವೈದ್ಯರ ತಪಾಸಣೆಗೆ ಇದು ಬದಲಿಯಲ್ಲ, ಅವರ ಬಳಿ ಹೋಗುವ ಮುನ್ನ ತಿಳಿದಿರಬೇಕಾದ ವಿಷಯ.

ಯೂರಿನ್ ಇನ್ಫೆಕ್ಷನ್ ಅಂದರೆ ಸರಿಯಾಗಿ ಏನು?

ಎರಡು ಕಿಡ್ನಿಗಳು ರಕ್ತವನ್ನು ಸೋಸಿ ಮೂತ್ರ ಮಾಡುತ್ತವೆ. ಅಲ್ಲಿಂದ ಅದು ಎರಡು ಸಣ್ಣ ನಾಳಗಳಲ್ಲಿ ಇಳಿದು ಮೂತ್ರಚೀಲದಲ್ಲಿ ತುಂಬಿಕೊಳ್ಳುತ್ತದೆ, ಕೊನೆಗೆ ಒಂದು ಹೊರನಾಳದ ಮೂಲಕ ಆಚೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಾದರೂ ಬ್ಯಾಕ್ಟೀರಿಯಾ ನೆಲೆಯೂರಿ, ಅದಕ್ಕೆ ದೇಹ ಉರಿಯೂತದಿಂದ ಪ್ರತಿಕ್ರಿಯಿಸಿದರೆ ಅದು ಮೂತ್ರದ ಸೋಂಕು. ಬಹುಪಾಲು ಸೋಂಕುಗಳು ಮೂತ್ರಚೀಲದಲ್ಲೇ ಇರುತ್ತವೆ. ಹಿಂಸೆ ಜಾಸ್ತಿ, ಅಪಾಯ ಕಡಿಮೆ. ಅದೇ ಸೋಂಕು ಮೇಲೇರಿ ಕಿಡ್ನಿ ತಲುಪಿದರೆ ಮಾತು ಬೇರೆ.

ಈ ಕ್ರಿಮಿ ಬರುವುದಾದರೂ ಎಲ್ಲಿಂದ?

ಹೆಚ್ಚಿನ ಸಲ ನಮ್ಮದೇ ಕರುಳಿನಿಂದ. ನಾಲ್ಕರಲ್ಲಿ ಮೂರು ಸೋಂಕುಗಳಿಗೆ, ಕೆಲವು ಲೆಕ್ಕಗಳಲ್ಲಿ ಇನ್ನೂ ಹೆಚ್ಚಿಗೆ, ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಜರ್ಮನಿಯ ವೈದ್ಯ ಥಿಯೋಡೋರ್ ಎಷೆರಿಚ್ 1885ರಲ್ಲಿ ಇದನ್ನು ಮೊದಲು ವಿವರಿಸಿದ್ದು ಶಿಶುಗಳ ಮಲದಲ್ಲಿ ಕಂಡು. ಕರುಳಿನಲ್ಲಿ ಅದು ಯಾರಿಗೂ ತೊಂದರೆ ಕೊಡದೆ ಇರುತ್ತದೆ. ಗುದದ್ವಾರದ ಸುತ್ತಲಿನ ಚರ್ಮದಿಂದ ಮೂತ್ರದ್ವಾರಕ್ಕೆ, ಅಲ್ಲಿಂದ ಒಳಕ್ಕೆ ಸರಿದಾಗಲೇ ಕಾಟ ಶುರು.

ಒಳಗೆ ಹೊಕ್ಕ ಕ್ರಿಮಿಯೆಲ್ಲ ಸೋಂಕು ಉಂಟುಮಾಡುವುದಿಲ್ಲ. ಮೂತ್ರ ಹರಿದುಹೋಗುವಾಗ ಬಹುತೇಕವು ಅದರ ಜೊತೆಗೇ ಕೊಚ್ಚಿಹೋಗುತ್ತವೆ. ದೇಹದ ಮೊದಲ ಕಾವಲು ಈ ಹರಿವೇ, ಮುಂದೆ ಬರುವ ಅರ್ಧಕ್ಕರ್ಧ ಉತ್ತರಗಳೂ ಇದರಿಂದಲೇ ಹುಟ್ಟುತ್ತವೆ. ಆದರೆ ಸೋಂಕು ತರುವ ಇ. ಕೋಲಿ ತಳಿಗಳ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ. ಎಳೆಯ ತುದಿಯ ಕೊಂಡಿಯಿಂದ ಅವು ಮೂತ್ರಚೀಲದ ಒಳಗೋಡೆಯ ಜೀವಕೋಶಗಳನ್ನು ಹಿಡಿದುಕೊಳ್ಳುತ್ತವೆ. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಕೆಲವು ಜೀವಕೋಶದ ಒಳಗೇ ನುಗ್ಗಿ ಅಡಗಿ ಕೂರುವುದೂ ಉಂಟು. ‘ವಾಸಿಯಾಯಿತು ಅಂದುಕೊಂಡೆ, ತಿಂಗಳೊಳಗೆ ಮತ್ತೆ ಬಂತು’ ಎಂಬುದಕ್ಕೆ ಇದೂ ಒಂದು ಕಾರಣ.

ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಎಂಟರೋಕಾಕಸ್ ಮುಂತಾದವೂ ಸೋಂಕು ತರುತ್ತವೆ. ಇವುಗಳಲ್ಲಿ ಪ್ರೋಟಿಯಸ್ ಮೂತ್ರವನ್ನು ಕ್ಷಾರೀಯವಾಗಿಸಿ ಕಿಡ್ನಿಯಲ್ಲಿ ಕಲ್ಲು ಕಟ್ಟಲು ದಾರಿ ಮಾಡುತ್ತದೆ.

ಹೆಂಗಸರಿಗೇ ಯಾಕೆ ಇಷ್ಟು ಹೆಚ್ಚು?

ದೇಹದ ರಚನೆಯಿಂದ. ಹೆಂಗಸರ ಹೊರನಾಳದ ಉದ್ದ ಸುಮಾರು 4 ಸೆಂಟಿಮೀಟರ್, ಗಂಡಸರದು ಸುಮಾರು 20. ಮೇಲಾಗಿ ಹೆಂಗಸರಲ್ಲಿ ಮೂತ್ರದ್ವಾರ, ಯೋನಿ, ಗುದದ್ವಾರ ಮೂರೂ ಒಂದಕ್ಕೊಂದು ತೀರಾ ಹತ್ತಿರ. ಕ್ರಿಮಿಗೆ ದಾರಿ ಗಿಡ್ಡ. ಹೆಂಗಸರಲ್ಲಿ ಅರ್ಧದಷ್ಟು ಮಂದಿಗಾದರೂ ಜೀವಮಾನದಲ್ಲಿ ಒಮ್ಮೆ ಈ ಸೋಂಕು ಬರುತ್ತದೆ. ಅಷ್ಟು ಜನಕ್ಕೆ ಬರುವ ಕಾಯಿಲೆಯ ಬಗ್ಗೆ ಮಾತಾಡಲು ನಾಚಬೇಕಾದದ್ದು ಏನಿದೆ?

ಹಾಗಾದರೆ ನನ್ನ ಸ್ವಚ್ಛತೆ ಸಾಲದು ಅಂತಲೇ?

ಅಲ್ಲ. ಈ ಅಪರಾಧಿ ಭಾವದಿಂದ ಹೊರಬನ್ನಿ ಎಂದು ಕೈಮುಗಿದು ಕೇಳುತ್ತೇನೆ. ದಿನಕ್ಕೆರಡು ಸಲ ಸ್ನಾನ ಮಾಡುವವರಿಗೂ ಇದು ಬರುತ್ತದೆ. ಅತಿಯಾಗಿ ತೊಳೆಯುವುದೇ ಕೆಲವರಿಗೆ ಮುಳುವಾಗುತ್ತದೆ. ಯೋನಿಯಲ್ಲಿ ಸಹಜವಾಗಿ ಇರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿನ ವಾತಾವರಣವನ್ನು ಹುಳಿಯಾಗಿಟ್ಟು, ಕರುಳಿನ ಕ್ರಿಮಿಗಳು ಬೇರೂರದಂತೆ ತಡೆಯುತ್ತದೆ. ಒಳಗೆ ನೀರು ಚಿಮ್ಮಿಸಿ ತೊಳೆಯುವುದು, ವಾಸನೆಯ ಸೋಪು, ಸ್ಪ್ರೇ, ‘ಇಂಟಿಮೇಟ್ ವಾಶ್’ ಎಂಬ ದ್ರವಗಳು ಆ ಕಾವಲನ್ನೇ ಕೆಡಿಸುತ್ತವೆ. ಹೊರಭಾಗಕ್ಕೆ ಬರೀ ನೀರು ಸಾಕು.

ಮಲವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಒರೆಸಿಕೊಳ್ಳುವುದೂ ಹಾಗೆಯೇ. ಇದರ ಹಿಂದೆ ಗಟ್ಟಿ ಅಧ್ಯಯನಗಳು ಹೆಚ್ಚಿಲ್ಲ. ಆದರೂ ಕ್ರಿಮಿ ಬರುವ ದಾರಿ ಗೊತ್ತಿರುವಾಗ ಇದು ಖರ್ಚಿಲ್ಲದ, ತೊಂದರೆಯಿಲ್ಲದ ಅಭ್ಯಾಸ. ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸಿಕೊಡಬೇಕು.

ಸಾರ್ವಜನಿಕ ಶೌಚಾಲಯದ ಸೀಟಿನಿಂದ ಅಂಟುತ್ತದೆಯೇ?

ಸೀಟಿನಿಂದ ಮೂತ್ರನಾಳದೊಳಕ್ಕೆ ಕ್ರಿಮಿ ಹೋಗುವ ಸಂಭವ ತೀರಾ ಕಡಿಮೆ. ಆ ಶೌಚಾಲಯಕ್ಕೆ ಹೆದರಿ ದಿನವಿಡೀ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಇರುತ್ತೀರಲ್ಲ, ಹಾನಿ ಅದರಿಂದ.

ಮೈ ಉಷ್ಣವಾದರೆ ಉರಿಮೂತ್ರ ಬರುತ್ತದೆ ಅಂತಾರಲ್ಲ?

ಅರ್ಧ ನಿಜ. ಬಿಸಿಲಲ್ಲಿ ಬೆವರಿ, ನೀರು ಕಡಿಮೆ ಕುಡಿದರೆ ಮೂತ್ರ ಗಾಢ ಹಳದಿಯಾಗಿ ಸ್ವಲ್ಪ ಚುರುಗುಟ್ಟುತ್ತದೆ. ಎರಡು ಮೂರು ಲೋಟ ನೀರು ಕುಡಿದು ಕೆಲವು ತಾಸಿನಲ್ಲಿ ಅದು ಹೋದರೆ ಚಿಂತೆಯಿಲ್ಲ. ಹೋಗದೆ ಉಳಿದರೆ, ಪದೇ ಪದೇ ಅವಸರವಾಗುತ್ತಿದ್ದರೆ ‘ಉಷ್ಣ’ ಎಂದು ಸುಮ್ಮನಿರಬೇಡಿ.

ಲಕ್ಷಣಗಳನ್ನು ಗುರುತಿಸುವುದು ಹೇಗೆ? ಯಾವಾಗ ಗಾಬರಿಯಾಗಬೇಕು?

ಮೂತ್ರಚೀಲದ ಸೋಂಕಿನಲ್ಲಿ ಉರಿ, ಮತ್ತೆಮತ್ತೆ ಹೋಗಬೇಕೆನಿಸುವುದು, ತಡೆಯಲಾಗದ ಅವಸರ, ಕಿಬ್ಬೊಟ್ಟೆಯಲ್ಲಿ ಒತ್ತಿದಂಥ ನೋವು, ಕೆಲವೊಮ್ಮೆ ಮೂತ್ರದಲ್ಲಿ ರಕ್ತ ಕಾಣುತ್ತವೆ. ಮೂತ್ರ ಕಲಕಿದಂತೆ ಕಾಣುವುದು, ವಾಸನೆ ಬರುವುದು ಮಾತ್ರ ಇದ್ದರೆ ಅದನ್ನೇ ಸೋಂಕು ಅನ್ನಲಾಗದು.

ಚಳಿ ನಡುಕದ ಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿಯಲ್ಲಿ ನೋವು, ವಾಕರಿಕೆ, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿದೆ ಎಂದೇ ತಿಳಿಯಬೇಕು. ಅಂದೇ ವೈದ್ಯರ ಬಳಿ ಹೋಗಿ. ಜ್ವರದ ಜೊತೆ ಗೊಂದಲ, ತಲೆಸುತ್ತು, ಏದುಸಿರು, ಮೂತ್ರವೇ ಬಾರದಿರುವುದು ಕಂಡರೆ ಸೋಂಕು ರಕ್ತಕ್ಕೆ ಸೇರಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಉರಿ ಇದ್ದರೆಲ್ಲ ಸೋಂಕೇ?

ಅಲ್ಲ. ಯೋನಿಯ ಫಂಗಸ್ ಸೋಂಕಿನಲ್ಲೂ ಉರಿ ಇರುತ್ತದೆ, ಜೊತೆಗೆ ತುರಿಕೆ, ಬಿಳಿಸ್ರಾವ ಇರುತ್ತವೆ. ಲೈಂಗಿಕವಾಗಿ ಹರಡುವ ಕ್ಲಮೀಡಿಯಾ, ಗೊನೊರಿಯಾಗಳಲ್ಲೂ ಇದೇ ಉರಿ. ಕಲ್ಲು ಜಾರುವಾಗಲೂ ಹೀಗೇ ಆಗಬಹುದು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರಂತೂ, ಒಂದೇ ಸಲವಾದರೂ, ಅದನ್ನು ಸೋಂಕೆಂದು ತಳ್ಳಿಹಾಕದೆ ತಪಾಸಣೆ ಮಾಡಿಸಲೇಬೇಕು. ಮೂತ್ರಚೀಲದ ಕ್ಯಾನ್ಸರ್ ಕೆಲವೊಮ್ಮೆ ಹೀಗೆಯೇ ಮೊದಲು ತೋರಿಕೊಳ್ಳುತ್ತದೆ.

ಪರೀಕ್ಷೆಗೆ ಮೂತ್ರ ಕೊಡುವಾಗ ಏನು ಗಮನಿಸಬೇಕು?

ಡಬ್ಬಿ ಕೈಗಿಟ್ಟು ‘ಹಿಡಿದುಕೊಂಡು ಬನ್ನಿ’ ಎನ್ನುತ್ತಾರೆಯೇ ಹೊರತು ಹೇಗೆ ಎಂದು ಬಿಡಿಸಿ ಹೇಳುವವರು ಕಡಿಮೆ. ಹೇಗೆಂದರೆ ಹಾಗೆ ಹಿಡಿದ ಮೂತ್ರದಲ್ಲಿ ಚರ್ಮದ ಬ್ಯಾಕ್ಟೀರಿಯಾ ಸೇರಿ ವರದಿ ದಾರಿ ತಪ್ಪಿಸುತ್ತದೆ. ಕೈ ತೊಳೆದುಕೊಳ್ಳಿ. ಹೊರಭಾಗವನ್ನು ನೀರಿನಿಂದ ಸ್ವಚ್ಛ ಮಾಡಿಕೊಳ್ಳಿ. ಮೊದಲ ಸ್ವಲ್ಪ ಮೂತ್ರವನ್ನು ಬಿಟ್ಟುಬಿಡಿ, ನಡುವಿನದನ್ನು ಡಬ್ಬಿಗೆ ಹಿಡಿಯಿರಿ, ಕೊನೆಯದು ಬೇಡ. ಡಬ್ಬಿಯ ಒಳಭಾಗವನ್ನಾಗಲೀ ಮುಚ್ಚಳದ ಒಳಬದಿಯನ್ನಾಗಲೀ ಮುಟ್ಟಬೇಡಿ. ಎರಡು ತಾಸಿನೊಳಗೆ ಲ್ಯಾಬ್ ತಲುಪಿಸಲಾಗದಿದ್ದರೆ ಫ್ರಿಜ್‌ನಲ್ಲಿಡಬೇಕು. ಹೊರಗಿಟ್ಟರೆ ಡಬ್ಬಿಯಲ್ಲೇ ಕ್ರಿಮಿ ಬೆಳೆದುಬಿಡುತ್ತದೆ.

ಪಟ್ಟಿ ಅದ್ದಿ ನೋಡುವ ಪರೀಕ್ಷೆಯಲ್ಲಿ, ಹಲವು ಬ್ಯಾಕ್ಟೀರಿಯಾ ಮೂತ್ರದಲ್ಲಿ ಉಂಟುಮಾಡುವ ನೈಟ್ರೈಟ್ ಎಂಬ ರಾಸಾಯನಿಕ ಮತ್ತು ಬಿಳಿ ರಕ್ತಕಣಗಳ ಸುಳಿವು ಹುಡುಕುತ್ತಾರೆ. ನೈಟ್ರೈಟ್ ಉಂಟಾಗಲು ಮೂತ್ರ ಕೆಲವು ತಾಸು ಚೀಲದಲ್ಲೇ ನಿಂತಿರಬೇಕು, ಆದ್ದರಿಂದ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ನೈಟ್ರೈಟ್ ಇಲ್ಲ ಎಂದ ಮಾತ್ರಕ್ಕೆ ಸೋಂಕಿಲ್ಲ ಎನ್ನುವಂತಿಲ್ಲ. ಎಂಟರೋಕಾಕಸ್‌ನಂಥವು ಅದನ್ನು ಉಂಟುಮಾಡುವುದೇ ಇಲ್ಲ.

ಖಚಿತ ಉತ್ತರ ಕೊಡುವುದು ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಯಾವ ಕ್ರಿಮಿ, ಎಷ್ಟಿದೆ, ಯಾವ ಔಷಧಿಗೆ ಬಗ್ಗುತ್ತದೆ ಎಂಬುದೆಲ್ಲ ಅದರಲ್ಲಿ ತಿಳಿಯುತ್ತದೆ. ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಬೇಕು. ಒಂದು ಮಿಲಿಲೀಟರ್‌ಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಸೋಂಕು ಎಂಬ ಪ್ರಸಿದ್ಧ ಗೆರೆಯನ್ನು 1950ರ ದಶಕದಲ್ಲಿ ಎಳೆದವರು ಅಮೆರಿಕದ ವೈದ್ಯ ಎಡ್ವರ್ಡ್ ಕಾಸ್. ಸ್ಪಷ್ಟ ಲಕ್ಷಣಗಳಿರುವ ಹೆಂಗಸರಲ್ಲಿ ಅದಕ್ಕಿಂತ ಕಡಿಮೆ ಸಂಖ್ಯೆಯೂ ಸೋಂಕೇ ಆಗಿರಬಹುದು.

ಆಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆಯೇ ಮೂತ್ರ ಕೊಡಿ. ನುಂಗಿದ ಮೇಲೆ ಕೊಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು.

ಕಳೆದ ಸಲ ಬರೆದುಕೊಟ್ಟ ಮಾತ್ರೆ ಮನೆಯಲ್ಲಿದೆ. ಅದನ್ನೇ ತಗೊಳ್ಳಲೇ?

ದಯವಿಟ್ಟು ಬೇಡ. ಇಷ್ಟು ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೀಡು ಮಾಡುವುದು ಇದು. ಸ್ಟ್ರಿಪ್‌ನಲ್ಲಿ ಉಳಿದ ನಾಲ್ಕು ಮಾತ್ರೆ, ನೆರೆಯವರಿಗೆ ಗುಣ ಕೊಟ್ಟ ಮಾತ್ರೆ, ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ, ಇವೆಲ್ಲ ಉರಿಯನ್ನು ಎರಡು ದಿನ ತಗ್ಗಿಸುತ್ತವೆ. ದುರ್ಬಲ ಕ್ರಿಮಿಗಳು ಸಾಯುತ್ತವೆ, ಔಷಧಿಯನ್ನು ತಾಳಿಕೊಳ್ಳುವವು ಉಳಿದು ಬೆಳೆಯುತ್ತವೆ. ಮುಂದಿನ ಸಲ ಆ ಮಾತ್ರೆ ನಾಟುವುದಿಲ್ಲ. ಹೀಗೆ ಒಂದೊಂದೇ ಔಷಧಿ ಕೈಬಿಟ್ಟು, ಬಾಯಿಂದ ನುಂಗುವ ಮಾತ್ರೆ ಯಾವುದೂ ಕೆಲಸ ಮಾಡದೆ, ಸಾಧಾರಣ ಮೂತ್ರದ ಸೋಂಕಿಗೆ ಆಸ್ಪತ್ರೆಯಲ್ಲಿ ಮಲಗಿ ಇಂಜೆಕ್ಷನ್ ತೆಗೆದುಕೊಳ್ಳುವವರು ಇದ್ದಾರೆ. ಆ ನಿರೋಧಕ ಕ್ರಿಮಿ ನಿಮ್ಮೊಬ್ಬರಲ್ಲೇ ಉಳಿಯುವುದೂ ಇಲ್ಲ, ಮನೆಯವರ ಕರುಳಿಗೂ ದಾಟುತ್ತದೆ.

ಚಿಕಿತ್ಸೆ ಎಷ್ಟು ದಿನ?

ಜನ ಅಂದುಕೊಂಡದ್ದಕ್ಕಿಂತ ಕಡಿಮೆ. ಬೇರೆ ತೊಂದರೆಯಿಲ್ಲದ ಹೆಂಗಸರ ಮೂತ್ರಚೀಲದ ಸೋಂಕಿಗೆ ನೈಟ್ರೋಫ್ಯುರಾಂಟಾಯಿನ್ ಎಂಬ ಆಂಟಿಬಯಾಟಿಕ್ ಸಾಮಾನ್ಯವಾಗಿ 5 ದಿನ, ಫಾಸ್ಫೋಮೈಸಿನ್ 3 ಗ್ರಾಂನ ಒಂದೇ ಪುಡಿ. ಕಿಡ್ನಿಯ ಸೋಂಕಿಗೆ ಬೇರೆ ಔಷಧಿ, ಹೆಚ್ಚು ದಿನ. ನೈಟ್ರೋಫ್ಯುರಾಂಟಾಯಿನ್ ಮೂತ್ರದಲ್ಲಿ ಮಾತ್ರ ಸಾಕಷ್ಟು ಸಾಂದ್ರವಾಗುತ್ತದೆ, ಕಿಡ್ನಿಯ ಅಂಗಾಂಶದಲ್ಲಿ ಅಲ್ಲ. ಜ್ವರ, ಬೆನ್ನುನೋವು ಇರುವಾಗ ಅದನ್ನು ನಂಬಿ ಕೂರಬಾರದು ಎನ್ನುವುದು ಇದಕ್ಕೇ. ಆ ಮಾತ್ರೆಯಿಂದ ಮೂತ್ರ ಕಂದುಬಣ್ಣಕ್ಕೆ ತಿರುಗಬಹುದು, ಹೆದರಬೇಡಿ. ಉರಿ ತಗ್ಗಿಸಲು ಕೊಡುವ ಫಿನಾಜೋಪಿರಿಡಿನ್ ಮೂತ್ರವನ್ನು ಕಿತ್ತಳೆ ಬಣ್ಣ ಮಾಡುತ್ತದೆ. ಅದು ನೋವಿಗೆ ಮಾತ್ರ, ಕ್ರಿಮಿಗಲ್ಲ. ಎರಡು ಮೂರು ದಿನದಲ್ಲಿ ಸುಧಾರಿಸದಿದ್ದರೆ ಮತ್ತೆ ವೈದ್ಯರಿಗೆ ತೋರಿಸಿ.

ಔಷಧಿಯಿಲ್ಲದೆ ತಾನಾಗಿ ಹೋಗುವುದಿಲ್ಲವೇ?

ಕೆಲವರಿಗೆ ಹೋಗುತ್ತದೆ. ಜರ್ಮನಿಯಲ್ಲಿ ಸುಮಾರು 500 ಹೆಂಗಸರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲಿಗೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯನ್ನಷ್ಟೇ ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಆಂಟಿಬಯಾಟಿಕ್ ಇಲ್ಲದೆಯೇ ಗುಣವಾದರು. ಆದರೆ ಉರಿ ಹೆಚ್ಚು ದಿನ ಕಾಡಿತು, ಕಿಡ್ನಿಗೆ ಸೋಂಕು ಏರಿದ ಪ್ರಕರಣಗಳೂ ಆ ಗುಂಪಿನಲ್ಲೇ ಹೆಚ್ಚು. ಕಾದು ನೋಡುವ ನಿರ್ಧಾರವನ್ನು ವೈದ್ಯರ ಜೊತೆ ಮಾತಾಡಿಯೇ ತೆಗೆದುಕೊಳ್ಳಿ. ಗರ್ಭಿಣಿಯರು, ಮಕ್ಕಳು, ಗಂಡಸರು, ಜ್ವರ ಇರುವವರು ಕಾಯುವಂತೆಯೇ ಇಲ್ಲ.

ನನಗೇನೂ ತೊಂದರೆಯಿಲ್ಲ, ಆದರೆ ವರದಿಯಲ್ಲಿ ಬ್ಯಾಕ್ಟೀರಿಯಾ ಇದೆ ಅಂತಿದೆ?

ಲಕ್ಷಣವಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ವಯಸ್ಸಾದಂತೆ ಇನ್ನೂ ಸಾಮಾನ್ಯ. ಗರ್ಭಿಣಿಯರು ಮತ್ತು ಮೂತ್ರಮಾರ್ಗದಲ್ಲಿ ರಕ್ತ ಬರುವಂಥ ಶಸ್ತ್ರಚಿಕಿತ್ಸೆಗೆ ಒಳಗಾಗುವವರನ್ನು ಬಿಟ್ಟರೆ ಬಹುತೇಕರಿಗೆ ಇದಕ್ಕೆ ಔಷಧಿ ಬೇಡ.

ಎಷ್ಟು ನೀರು ಕುಡಿಯಬೇಕು?

‘ನೀರು ಜಾಸ್ತಿ ಕುಡೀರಿ’ ಎಂಬುದು ಬರೀ ಬಾಯಿಮಾತಿನ ಸಲಹೆಯಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆ ದ್ರವ ಕುಡಿಯುತ್ತಿದ್ದ, ಪದೇ ಪದೇ ಸೋಂಕಿಗೆ ಒಳಗಾಗುತ್ತಿದ್ದ 140 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನವೂ ಒಂದೂವರೆ ಲೀಟರ್ ನೀರನ್ನು ಹೆಚ್ಚಿಗೆ ಕುಡಿಯಿತು. ವರ್ಷದ ಕೊನೆಗೆ ಅವರಿಗೆ ಸರಾಸರಿ 1.7 ಸಲ ಸೋಂಕು ಬಂದಿತ್ತು, ಉಳಿದವರಿಗೆ 3.2 ಸಲ. ಸುಮಾರು ಅರ್ಧಕ್ಕೆ ಇಳಿಕೆ! ಒಂದು ಮಾತ್ರೆಯೂ ಇಲ್ಲದೆ.

ನೀವು ಈಗಾಗಲೇ ಸಾಕಷ್ಟು ಕುಡಿಯುತ್ತಿದ್ದರೆ ಇನ್ನೂ ಹೆಚ್ಚಿಸಿ ಇಷ್ಟೇ ಲಾಭ ಸಿಗುವುದಿಲ್ಲ. ಲೀಟರ್ ಲೆಕ್ಕಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ: ತಿಳಿ ಹಳದಿಯಾಗಿದ್ದರೆ ಸಾಕು. ಹೃದಯ ಅಥವಾ ಕಿಡ್ನಿಯ ಕಾಯಿಲೆಯಿಂದಾಗಿ ನೀರಿಗೆ ಮಿತಿ ಹಾಕಿರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಮೂತ್ರ ಕಟ್ಟಿಕೊಂಡು ಕೂತರೆ ಸೋಂಕು ಬರುತ್ತದೆಯೇ?

ಒಂದು ದಿನ ತಡೆದುಕೊಂಡ ಮಾತ್ರಕ್ಕೆ ಬರುವುದಿಲ್ಲ. ಅದೇ ರೂಢಿಯಾದರೆ ಕ್ರಿಮಿಗೆ ಬೆಳೆಯಲು ಸಮಯ ಸಿಗುತ್ತದೆ. ಎಚ್ಚರವಿರುವಾಗ ಮೂರ್ನಾಲ್ಕು ತಾಸಿಗೊಮ್ಮೆ ಹೋಗಿ, ಅವಸರ ಮಾಡದೆ ಪೂರ್ತಿ ಖಾಲಿ ಮಾಡಿ. ತರಗತಿಯಲ್ಲಿ, ಕಾರ್ಖಾನೆಯಲ್ಲಿ, ಗಲ್ಲಾದ ಮುಂದೆ ತಾಸುಗಟ್ಟಲೆ ಎದ್ದೇಳಲಾಗದವರಿಗೆ ಈ ಸಲಹೆ ಕೊಡುವುದು ಸುಲಭ, ಪಾಲಿಸುವುದು ಕಷ್ಟ ಎಂದು ಬಲ್ಲೆ. ಇದನ್ನು ಮೇಷ್ಟರೋ ಮೇಲ್ವಿಚಾರಕರೋ ಓದುತ್ತಿದ್ದರೆ, ಶೌಚಕ್ಕೆ ಹೋಗಿಬರಲು ಬಿಡಿ. ಕೇಳಲು ಹಿಂಜರಿಯುವವರ ಆರೋಗ್ಯ ನಿಮ್ಮ ಒಂದು ಮಾತಿನಲ್ಲಿದೆ.

ಲೈಂಗಿಕ ಸಂಪರ್ಕಕ್ಕೂ ಇದಕ್ಕೂ ಏನು ಸಂಬಂಧ?

ಸಂಪರ್ಕದ ವೇಳೆ ಮೂತ್ರದ್ವಾರದ ಬಳಿಯ ಬ್ಯಾಕ್ಟೀರಿಯಾ ಒಳಕ್ಕೆ ತಳ್ಳಲ್ಪಡುತ್ತದೆ, ಅಷ್ಟೇ. ಇದು ಲೈಂಗಿಕವಾಗಿ ಹರಡುವ ರೋಗವಲ್ಲ, ಯಾರ ಶೀಲದ ಮೇಲಿನ ಟೀಕೆಯೂ ಅಲ್ಲ. ಹೊಸದಾಗಿ ಮದುವೆಯಾದವರಲ್ಲಿ ಈ ಸೋಂಕು ಕಂಡಾಗ ಗಂಡ-ಹೆಂಡತಿ ಒಬ್ಬರನ್ನೊಬ್ಬರು ಶಂಕಿಸಬೇಕಿಲ್ಲ. ಸಂಪರ್ಕದ ನಂತರ ಮೂತ್ರ ಮಾಡಿ ಬರುವುದು ಒಳ್ಳೆಯದು. ವೀರ್ಯಾಣುನಾಶಕ ಕ್ರೀಮು, ಅದನ್ನು ಸವರಿದ ಕಾಂಡೋಮ್, ಡಯಾಫ್ರಮ್ (ಗರ್ಭ ತಡೆಯಲು ಯೋನಿಯೊಳಗೆ ಇಡುವ ಬಟ್ಟಲು) ಬಳಸುವವರಲ್ಲಿ ಸೋಂಕು ಹೆಚ್ಚು. ಬೇರೆ ಗರ್ಭನಿರೋಧಕದ ಬಗ್ಗೆ ವೈದ್ಯರನ್ನು ಕೇಳಿ.

ಕ್ರ್ಯಾನ್‌ಬೆರಿ, ಡಿ-ಮ್ಯಾನೋಸ್ ಕೆಲಸ ಮಾಡುತ್ತವೆಯೇ?

ಕ್ರ್ಯಾನ್‌ಬೆರಿ ಎಂಬ ಹುಳಿ ಹಣ್ಣಿನಲ್ಲಿ ಕ್ರಿಮಿ ಅಂಟಿಕೊಳ್ಳುವುದನ್ನು ತಡೆಯುವ ಅಂಶವಿದೆ. 50 ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2023ರ ವಿಮರ್ಶೆಯ ಪ್ರಕಾರ, ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅದು ಅಪಾಯವನ್ನು ಸುಮಾರು ನಾಲ್ಕನೇ ಒಂದು ಭಾಗ ಇಳಿಸುತ್ತದೆ. ಬಂದಿರುವ ಸೋಂಕನ್ನು ಗುಣಪಡಿಸುವುದಿಲ್ಲ. ಡಿ-ಮ್ಯಾನೋಸ್ ಎಂಬ ಒಂದು ಬಗೆಯ ಸಕ್ಕರೆಯ ಬಗ್ಗೆ ಬಹಳ ಆಸೆಯಿತ್ತು; 2024ರಲ್ಲಿ ಪ್ರಕಟವಾದ, ಬ್ರಿಟನ್ನಿನ 598 ಹೆಂಗಸರ ಅಧ್ಯಯನದಲ್ಲಿ ಅದರಿಂದ ಲಾಭ ಕಾಣಲಿಲ್ಲ. ನನ್ನನ್ನು ಕೇಳಿದರೆ ಮೊದಲು ನೀರು, ಕೈಗೆಟುಕಿದರೆ ಆಮೇಲೆ ಕ್ರ್ಯಾನ್‌ಬೆರಿ.

ವರ್ಷದಲ್ಲಿ ಮೂರು ಸಲ ಬಂತು. ಇದಕ್ಕೆ ಕೊನೆಯೇ ಇಲ್ಲವೇ?

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಪ್ರತಿ ಸಲವೂ ಕಲ್ಚರ್ ಮಾಡಿಸಿ, ವರದಿಗಳನ್ನೆಲ್ಲ ಒಂದು ಫೈಲಿನಲ್ಲಿಡಿ. ಒಂದೇ ಕ್ರಿಮಿ ಮರಳುತ್ತಿದೆಯೇ, ಹೊಸದು ಬರುತ್ತಿದೆಯೇ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಕಲ್ಲು ಇದೆಯೇ, ಚೀಲ ಪೂರ್ತಿ ಖಾಲಿಯಾಗುತ್ತಿದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡಬೇಕಾಗಬಹುದು.

ತಡೆಯಲು ಕಡಿಮೆ ಪ್ರಮಾಣದ ಆಂಟಿಬಯಾಟಿಕ್ ತಿಂಗಳುಗಟ್ಟಲೆ ಕೊಡುವುದುಂಟು. ಮೆಥೆನಮೈನ್ ಎಂಬ ಹಳೆಯ ಔಷಧಿ ಈಗ ಮತ್ತೆ ಮುನ್ನೆಲೆಗೆ ಬಂದಿದೆ. ಹುಳಿ ಮೂತ್ರದಲ್ಲಿ ಅದು ಫಾರ್ಮಾಲ್ಡಿಹೈಡ್ ಆಗಿ ಕ್ರಿಮಿಯನ್ನು ಕೊಲ್ಲುತ್ತದೆ, ಆಂಟಿಬಯಾಟಿಕ್ ಅಲ್ಲ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಸೋಂಕು ತಡೆಯುವಲ್ಲಿ ಇದು ದಿನನಿತ್ಯದ ಆಂಟಿಬಯಾಟಿಕ್‌ಗಿಂತ ಗಣನೀಯವಾಗಿ ಕಡಿಮೆಯೇನಲ್ಲ ಎಂದು ತೋರಿಸಿತು. ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಹೆಸರು ಹಿಡಿದೇ ಕೇಳಿ.

ಮುಟ್ಟು ನಿಂತ ಮೇಲೆ ಯಾಕೆ ಹೆಚ್ಚಾಯಿತು?

ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದಾಗ ಯೋನಿಯ ಪದರ ತೆಳುವಾಗಿ, ಒಣಗಿ, ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗುತ್ತದೆ. ಕಾವಲು ಇಲ್ಲದ ಜಾಗಕ್ಕೆ ಇ. ಕೋಲಿ ಬರುತ್ತದೆ. ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಇದಕ್ಕೆ ನಿಜವಾದ ಪರಿಹಾರ. 1993ರ ಒಂದು ಅಧ್ಯಯನದಲ್ಲಿ ಕ್ರೀಮು ಬಳಸಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು ಬಂದರೆ, ಔಷಧಿಯಿಲ್ಲದ ಕ್ರೀಮು ಬಳಸಿದವರಿಗೆ 5.9 ಸಲ. ಇಷ್ಟಾದರೂ ‘ವಯಸ್ಸಾಯಿತು, ಇದೆಲ್ಲ ಇರೋದೇ’ ಎಂದು ಅಮ್ಮಂದಿರು, ಅತ್ತೆಯಂದಿರು ಸುಮ್ಮನಾಗುತ್ತಾರೆ. ಅವರನ್ನು ಕರೆದುಕೊಂಡು ಹೋಗಿ. ಸ್ತನ ಕ್ಯಾನ್ಸರ್ ಬಂದು ಹೋಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಗರ್ಭಿಣಿಯರಿಗೆ?

ಹಾರ್ಮೋನಿನಿಂದ ನಾಳಗಳು ಸಡಿಲಗೊಂಡು, ಗರ್ಭದ ಒತ್ತಡವೂ ಸೇರಿ ಮೂತ್ರ ನಿಧಾನವಾಗಿ ಇಳಿಯುತ್ತದೆ. ಲಕ್ಷಣವಿಲ್ಲದ ಬ್ಯಾಕ್ಟೀರಿಯಾಗೂ ಇಲ್ಲಿ ಔಷಧಿ ಬೇಕು. ಇಲ್ಲದಿದ್ದರೆ ಅದು ಕಿಡ್ನಿಗೆ ಏರುವ ಸಂಭವ ಹೆಚ್ಚು, ಅವಧಿಗೆ ಮುಂಚಿನ ಹೆರಿಗೆಯ ಅಪಾಯವೂ ಇದೆ. ಮೊದಲ ತಪಾಸಣೆಗಳಲ್ಲೇ ಯೂರಿನ್ ಕಲ್ಚರ್ ಮಾಡಿಸಿ. ಯಾವ ಮಾತ್ರೆ ಸುರಕ್ಷಿತ ಎಂಬುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಮಕ್ಕಳಲ್ಲಿ ಹೇಗೆ ತಿಳಿಯುವುದು?

ಹಸುಗೂಸು ‘ಉರಿ’ ಎಂದು ಹೇಳಲಾರದು. ಕಾರಣ ಗೊತ್ತಾಗದ ಜ್ವರ, ಹಾಲು ಬಿಡುವುದು, ವಾಂತಿ, ರಚ್ಚೆ, ಇಷ್ಟೇ ಕಾಣಬಹುದು. ನೆಗಡಿಯಿಲ್ಲ, ಕೆಮ್ಮಿಲ್ಲ, ಜ್ವರ ಮಾತ್ರ ಇದೆ ಎಂದಾಗ ಮೂತ್ರ ಪರೀಕ್ಷೆ ಮಾಡಿಸಬೇಕು. ಮೈಗೆ ಪ್ಲಾಸ್ಟಿಕ್ ಚೀಲ ಅಂಟಿಸಿ ಹಿಡಿದ ಮೂತ್ರದ ಕಲ್ಚರ್ ನಂಬಲರ್ಹವಲ್ಲ. ಕೆಲವು ಮಕ್ಕಳಲ್ಲಿ ಮೂತ್ರವು ಮೂತ್ರಚೀಲದಿಂದ ಕಿಡ್ನಿಯ ಕಡೆಗೆ ಹಿಮ್ಮುಖವಾಗಿ ಹರಿಯುತ್ತದೆ, ಹಾಗಾದರೆ ಕಿಡ್ನಿಯಲ್ಲಿ ಗಾಯದ ಕಲೆ ಉಳಿಯಬಹುದು. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಮಲಬದ್ಧತೆಯೇ ಮೂಲವಾಗಿರುವುದು ಬಹಳ: ತುಂಬಿದ ಕರುಳು ಮೂತ್ರಚೀಲವನ್ನು ಒತ್ತಿ ಖಾಲಿಯಾಗಲು ಬಿಡುವುದಿಲ್ಲ. ಮಲಬದ್ಧತೆ ಸರಿಪಡಿಸಿದ ಮೇಲೆ ಸೋಂಕು ನಿಂತ ಮಕ್ಕಳಿದ್ದಾರೆ.

ಗಂಡಸರಿಗೂ ಬರುತ್ತದೆಯೇ? ಸಕ್ಕರೆ ಕಾಯಿಲೆ ಇದ್ದರೆ?

ಗಂಡಸರಿಗೆ ಬಂದರೆ ಕಾರಣ ಹುಡುಕಲೇಬೇಕು. ಐವತ್ತು ದಾಟಿದವರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ದಾರಿಯನ್ನು ಒತ್ತಿ, ಚೀಲದಲ್ಲಿ ಮೂತ್ರ ಉಳಿಯುವುದು ಸಾಮಾನ್ಯ ಕಾರಣ. ಸಕ್ಕರೆ ಕಾಯಿಲೆ ಇರುವವರಲ್ಲಿ ಸೋಂಕು ಹೆಚ್ಚು, ತೊಡಕಾಗುವುದೂ ಹೆಚ್ಚು. ನರ ದುರ್ಬಲವಾಗಿ ಚೀಲ ತುಂಬಿದ್ದೇ ತಿಳಿಯದಿರಬಹುದು, ಆದ್ದರಿಂದ ಅವಸರಕ್ಕೆ ಕಾಯದೆ ಗಡಿಯಾರ ನೋಡಿ ಹೋಗಬೇಕು.

ಅಜ್ಜಿಗೆ ಇದ್ದಕ್ಕಿದ್ದಂತೆ ಗೊಂದಲ, ಯೂರಿನ್ ಇನ್ಫೆಕ್ಷನ್ ಅಂದರು. ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿದ್ದಾರೆ. ಏನು ಮಾಡಬೇಕು?

ಎರಡು ವಿಷಯ. ವಯಸ್ಸಾದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಮೊದಲಿಂದಲೇ ಇರಬಹುದು ಎಂದು ಮೇಲೆ ಹೇಳಿದೆ. ಜ್ವರ, ಉರಿ ಯಾವುದೂ ಇಲ್ಲದೆ ಗೊಂದಲ ಮಾತ್ರ ಇದ್ದರೆ ನೀರಿನ ಕೊರತೆ, ಹೊಸ ಮಾತ್ರೆ, ಸೋಡಿಯಂ ಇಳಿತ, ಎದೆಯ ಸೋಂಕು, ಮಲಬದ್ಧತೆ ಇವನ್ನೂ ನೋಡಿಸಬೇಕು. ಮೂತ್ರದ ವರದಿ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಿದರೆ ನಿಜವಾದ ಕಾರಣ ಉಳಿದುಬಿಡುತ್ತದೆ.

ಇನ್ನು ಕ್ಯಾತಿಟರ್. ಅದು ಒಳಗಿರುವ ಪ್ರತಿ ದಿನ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇಕಡಾ 3ರಿಂದ 7ರಷ್ಟು ಏರುತ್ತದೆ, ತಿಂಗಳಾದರೆ ಬಹುತೇಕ ಎಲ್ಲರಲ್ಲೂ ಇರುತ್ತದೆ. ಮೂತ್ರ ಶೇಖರಿಸುವ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ, ಕೊಳವೆ ಮಡಚದಿರಲಿ, ಮುಟ್ಟುವ ಮುಂಚೆ ಮತ್ತು ನಂತರ ಕೈ ತೊಳೆಯಿರಿ. ವೈದ್ಯರು ವಾರ್ಡಿಗೆ ಬಂದಾಗಲೆಲ್ಲ, ಸಂಕೋಚಪಡದೆ, ಈ ಕೊಳವೆ ಇವತ್ತೂ ಬೇಕೇ, ಯಾವತ್ತು ತೆಗೆಯುತ್ತೀರಿ ಎಂದು ಕೇಳಿ. ಹಾಕಿಸಿಕೊಂಡವರು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ, ಜೊತೆಗಿರುವವರೇ ಕೇಳಬೇಕು.